ಸಜ್ಜೆ ಸಾಲಿನ ಅಶ್ವಗಂಧ ಕಸವಲ್ಲ: ಕೊಪ್ಪಳ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ನಾನು ನಿಮ್ಮ ಜಿಲ್ಲೆಯ ಒಣಬೇಸಾಯದ ರೈತ. ನಾಲ್ಕು ಎಕರೆ ಮಸಾರಿ ಹೊಲ, ಬೋರ್ ಇಲ್ಲ. ಆರು ವರ್ಷದಿಂದ ಸಜ್ಜೆ ಸಾಲಿನ ನಡುವೆ ಅಶ್ವಗಂಧ ಹಾಕುತ್ತಿದ್ದೇನೆ. ಆರು ವರ್ಷದಿಂದ ಕೇಳುತ್ತಿರುವುದೂ ಒಂದೇ: ಹೊಲದಲ್ಲಿರುವ ಎರಡೂ ಬೆಳೆಯನ್ನು ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಬರೆಯಿರಿ, ಇಂಥ ಹೊಲಗಳಿಗೆ ಒಬ್ಬ ಅಧಿಕಾರಿಯನ್ನು ಹೊಣೆ ಮಾಡಿರಿ. ಅರ್ಜಿ ಕೊಟ್ಟು ಸಾಕಾಗಿ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಸಜ್ಜೆ ಮೂರು ತಿಂಗಳಿಗೆ ಮನೆಗೆ ಬರುತ್ತದೆ. ಅಶ್ವಗಂಧದ ಬೇರು ಕೀಳಲು ಐದಾರು ತಿಂಗಳು ಬೇಕು. ಮಳೆ ಕೈಕೊಟ್ಟು ಸಜ್ಜೆ ಹೋದರೂ ಬೇರು ಉಳಿಯುತ್ತದೆ. ಬಿತ್ತುವ ಮುಂಚೆ ಹೊಲಕ್ಕೆಲ್ಲ ತಿಪ್ಪೆಗೊಬ್ಬರ, ಬಿತ್ತುವಾಗ ಎಕರೆಗೆ ಅರ್ಧ ಚೀಲ ಡಿಎಪಿ ಗೊಬ್ಬರ, ತಿಂಗಳ ಮೇಲೆ ಎಡೆ ಹೊಡೆದು ಹಸಿ ಇದ್ದರೆ ಯೂರಿಯಾ, ಅದೂ ಸಜ್ಜೆಯ ಬುಡಕ್ಕೆ ಮಾತ್ರ. ಅಶ್ವಗಂಧಕ್ಕೆ ಯೂರಿಯಾ ಹೆಚ್ಚಾದರೆ ಸೊಪ್ಪು ಸೊಕ್ಕಿ ಬೇರು ಕಡ್ಡಿಯಾಗುತ್ತದೆ. ಮೊದಲ ವರ್ಷ ಹಾಗೆ ಕಳೆದುಕೊಂಡೇ ಕಲಿತದ್ದು. ಹೇಳಿಕೊಡುವವರು ಯಾರೂ ಇರಲಿಲ್ಲ. ಸಜ್ಜೆ ಕೃಷಿ ಇಲಾಖೆಗೆ, ಅಶ್ವಗಂಧ ತೋಟಗಾರಿಕೆಗೆ. ಕೃಷಿಯವರ ಹತ್ತಿರ ಹೋದರೆ "ಔಷಧಿ ಗಿಡ ನಮಗ ಬರಂಗಿಲ್ರಿ". ತೋಟಗಾರಿಕೆಗೆ ಬಂದರೆ "ಸಜ್ಜಿ ಹೊಲ ಐತಲ್ಲ, ಅಲ್ಲೇ ಕೇಳ್ರಿ".

ಹೋದ ವರ್ಷ ಆದದ್ದು ಕೇಳಿ. ಸಜ್ಜೆ ತೆನೆ ಹಾಯುವಾಗ ಇಪ್ಪತ್ತು ದಿನ ಮಳೆ ಇಲ್ಲ. ತೆನೆ ಜೊಳ್ಳಾಯಿತು. ಕೊಯ್ದು ದನಕ್ಕೆ ಹಾಕಿದೆವು. ಸಮೀಕ್ಷೆಯ ಹುಡುಗ ಬಂದದ್ದು ಆಮೇಲೆ. ಹೊಲದಲ್ಲಿ ಮೊಣಕಾಲುದ್ದ ಹಸಿರು ಅಶ್ವಗಂಧ ನಿಂತಿತ್ತು. ಬೇಲಿ ಸಾಲಲ್ಲಿ ತಾನಾಗಿ ಬೆಳೆಯುವ ಗಿಡವದು, ಅವನು ಕಸ ಅಂದುಕೊಂಡ. ಬದುವಿನಲ್ಲೇ ನಿಂತು ಫೋಟೊ ಹೊಡೆದು ಮೊಬೈಲಿನಲ್ಲಿ "ಪಾಳು" ಅಂತ ಒತ್ತಿ ಹೋದ. ನನ್ನ ಹೆಂಡತಿ ಅಲ್ಲೇ ಕಳೆ ಕೀಳುತ್ತಿದ್ದಳು. "ಪಾಳು ಹೊಲದಾಗ ಯಾರರ ಕಸ ತಗೀತಾರೇನಪ್ಪಾ?" ಅಂದಳಂತೆ. ಅವನು ತಿರುಗಿ ನೋಡಲಿಲ್ಲ.

ಆ ಒಂದು ಪದದಿಂದ ವಿಮೆ ಹೋಯಿತು. ಫಸಲ್ ಬಿಮಾದಲ್ಲಿ ಸಜ್ಜೆಗೆ ನೂರಕ್ಕೆ 2ರಂತೆ ಕಂತು ಕಟ್ಟಿದ್ದೆ, ರಸೀದಿ ಇದೆ. ಸಮೀಕ್ಷೆಯ ಬೆಳೆಗೂ ವಿಮೆಯ ಬೆಳೆಗೂ ತಾಳೆಯಾಗದಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಸಮೀಕ್ಷೆಯಲ್ಲಿ ಏನು ಬರೆದಿದ್ದಾರೆಂದು ತೋರಿಸುವ ಬೆಳೆ ದರ್ಶಕ ಆ್ಯಪಿನಲ್ಲಿ ನೋಡುವಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿತ್ತು. ಹನ್ನೊಂದು ಸಲ ಕಚೇರಿಗೆ ಅಲೆದೆ. ಕೊನೆಗೊಬ್ಬ ಸಾಹೇಬರು, "ಎರಡೆರಡು ಬೆಳಿ ಹಾಕಂತ ನಿಮಗ ಯಾರು ಹೇಳಿದ್ರು?" ಎಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ ಸ್ವಾಮಿ. ನಮ್ಮಪ್ಪ, ಅವರಪ್ಪ ಎಲ್ಲರೂ ಸಜ್ಜೆಯೊಳಗೆ ತೊಗರಿ ಹಾಕಿದವರು. ಹೀಗೆ ಒಂದು ಬೆಳೆಯೊಳಗೆ ಇನ್ನೊಂದು ಅಕ್ಕಡಿ ಹಾಕಲು ಯಾರ ಅಪ್ಪಣೆ ಬೇಕು?

ಗೊಬ್ಬರದ ಗೋಳು ಬೇರೆ. 266 ರೂಪಾಯಿ 50 ಪೈಸೆಯ ಯೂರಿಯಾ ಚೀಲಕ್ಕೆ ನಸುಕಿನಿಂದ ಸಾಲು ನಿಂತರೆ, ಜೊತೆಗೆ ನ್ಯಾನೋ ದ್ರವಗೊಬ್ಬರದ ಬಾಟಲಿ ಒಯ್ದರೆ ಮಾತ್ರ ಚೀಲ ಅನ್ನುತ್ತಾರೆ. ತಿಪ್ಪೆಗೊಬ್ಬರ ಹಾಕಿ ಯೂರಿಯಾ ಕಡಿಮೆ ಮಾಡಿದವನು ನಾನು. ಬೇಕಾದ ಎರಡು ಚೀಲವಾದರೂ ಹೊತ್ತಿಗೆ ಸಿಗಬೇಡವೇ?

2023ರಲ್ಲಿ ಸಿರಿಧಾನ್ಯ ವರ್ಷವೆಂದು ಮೇಳ ನಡೆಸಿದಿರಿ. ಔಷಧಿ ಸಸ್ಯ ಬೆಳೆಯಿರಿ ಎಂದು ಪೋಸ್ಟರ್ ಹಚ್ಚುತ್ತೀರಿ. ಎರಡನ್ನೂ ಒಂದೇ ಹೊಲದಲ್ಲಿ ಬೆಳೆದವನ ಹೊಲ ನಿಮ್ಮ ಕಡತದಲ್ಲಿ ಪಾಳು.

ಮತ್ತೆ ಕೇಳುತ್ತೇನೆ: ಎರಡೂ ಬೆಳೆ ಬರೆಯಿರಿ. ಸಮೀಕ್ಷೆಯವರು ರೈತನನ್ನು ಕೇಳಿಯೇ ಬರೆಯಲಿ. ಕೃಷಿ, ತೋಟಗಾರಿಕೆ, ಕಂದಾಯ ಮೂರೂ ನಿಮ್ಮ ಸಭೆಗೆ ಬರುತ್ತವೆ. ಅಲ್ಲಿಯೇ ಒಬ್ಬರನ್ನು ಹೊಣೆ ಮಾಡಿರಿ. ಮುಂಗಾರಿಗೆ ಕೂರಿಗೆ ಹೂಡುವುದರೊಳಗೆ ಆದೇಶ ಹೊರಡಲಿ. ಎರಡೂ ಬೆಳೆ ಬರೆಯಿರಿ, ಅಷ್ಟೇ.

ಪಹಣಿ, ವಿಮೆ ರಸೀದಿ, ಹೊಲದ ಫೋಟೊಗಳನ್ನು ಸೋಮವಾರ ನಿಮ್ಮ ಟಪಾಲಿಗೆ ಕೊಟ್ಟು ಸ್ವೀಕೃತಿ ತಂದಿದ್ದೇನೆ.

ಇಂತಿ,
ಕೊಪ್ಪಳ ಜಿಲ್ಲೆಯ ಒಬ್ಬ ರೈತ