ಸೌದೆ ಒಣಗಿಸಿಕೊಟ್ಟವರಿಗೆ

ಕಳೆದ ತಿಂಗಳು ನನಗೆ 60 ತುಂಬಿದಾಗ ಊರಿನವರು ಶಾಲೆಯ ಅಂಗಳದಲ್ಲಿ ಸೇರಿ, ಶಾಲು ಹೊದಿಸಿ, ಸೌದೆಯ ಅನಿಲದಿಂದ ನಮ್ಮೂರಿಗೆ ದೀಪ, ನೀರು ಕೊಡುತ್ತಿದ್ದ ಗ್ಯಾಸಿಫೈಯರ್ ಘಟಕವನ್ನು ನಾನು ನಡೆಸಿದ ವರ್ಷಗಳನ್ನು ನೆನೆದು ಮಾತನಾಡಿದರು. ಉತ್ತರ ಹೇಳಲು ಎದ್ದು ನಿಂತೆನಾದರೂ ಗಂಟಲು ಕಟ್ಟಿತು, ಕೈಮುಗಿದು ಕುಳಿತೆ. ಅಂದು ಹೇಳಬೇಕಾಗಿದ್ದ ಮಾತುಗಳನ್ನು ಈಗ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಕುಣಿಗಲ್ ತಾಲ್ಲೂಕಿನ ಪುರ ಮತ್ತು ಹೊಸಹಳ್ಳಿಯ ಜನರಿಗೆ ಸಲ್ಲಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು ಆರಂಭಿಸಿದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಅದೇ ತಾಲ್ಲೂಕಿನ ಉಂಗ್ರದಲ್ಲಿ ನೆಲೆ ಮಾಡಿಕೊಂಡು ಕೆಲಸ ಮಾಡುತ್ತಿದ್ದ ಕಾಲದಲ್ಲಿ, ಪುರದ ಜನ ತಮ್ಮ ಕೊಟ್ಟಿಗೆಯ ಸಗಣಿಯನ್ನು ಒಂದೇ ಗೋಬರ್ ಗ್ಯಾಸ್ ಸ್ಥಾವರಕ್ಕೆ ತಂದು ಹಾಕಲು ಒಪ್ಪಿದರು. ಅಡುಗೆಗೆಂದು ಯೋಚಿಸಿದ್ದ ಅನಿಲ ಊರಿಗೆಲ್ಲ ಸಾಲದು ಎಂದು ತಿಳಿದಾಗ ಅವರು ಬೇಸತ್ತು ಕೈಬಿಡಲಿಲ್ಲ. ಅದೇ ಅನಿಲದಿಂದ ಎಂಜಿನ್ ಓಡಿಸಿ 1987ರಿಂದ ಕುಡಿಯುವ ನೀರನ್ನೂ ದೀಪವನ್ನೂ ಪಡೆದರು. ಮರುವರ್ಷ, ಅಂದರೆ 1988ರಲ್ಲಿ, ವಿದ್ಯುತ್ ತಂತಿಯೇ ಬಾರದಿದ್ದ ಹೊಸಹಳ್ಳಿಯಲ್ಲಿ ಸೌದೆಯಿಂದ ನಡೆಯುವ 3.7 ಕಿಲೋವ್ಯಾಟ್‌ನ ಘಟಕ ಶುರುವಾಯಿತು. ಮುಂದೆ ಅದು 20 ಕಿಲೋವ್ಯಾಟ್‌ಗೆ ಏರಿತು. ನಮ್ಮೂರಿನಿಂದ ಅದನ್ನು ನೋಡಲು ಹೋದ ಐದಾರು ಮಂದಿಯಲ್ಲಿ ನಾನೂ ಒಬ್ಬ. ದೀಪಕ್ಕಿಂತ ಹೆಚ್ಚಾಗಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ನಲ್ಲಿಯ ನೀರು ಮತ್ತು ಹಿಟ್ಟಿನ ಗಿರಣಿ. ಹೋದವರಿಗೆಲ್ಲ ಊಟ ಹಾಕಿ, ಯಂತ್ರ ಕೆಟ್ಟ ದಿನಗಳ ಕಥೆಯನ್ನೂ ಮುಚ್ಚಿಡದೆ ಹೇಳಿದ ಆ ಊರಿನ ಹಿರಿಯರಿಗೆ ನಾನು ಋಣಿ. ಅವರು ಬರಿಯ ಯಶಸ್ಸನ್ನಷ್ಟೇ ಹೇಳಿ ಕಳುಹಿಸಿದ್ದರೆ ಮೊದಲ ಮಳೆಗಾಲದಲ್ಲೇ ನಾವು ಎದೆಗುಂದುತ್ತಿದ್ದೆವು.

ಗ್ಯಾಸಿಫೈಯರ್ ನಡೆಸುವುದೆಂದರೆ ಸೌದೆಯನ್ನು ಪೂರ್ತಿ ಉರಿಯಲು ಬಿಡದೆ, ಅಳತೆಯ ಗಾಳಿಯಲ್ಲಿ ಬೇಯಿಸಿ, ಹೊರಬರುವ ಇಂಗಾಲದ ಮಾನಾಕ್ಸೈಡ್, ಹೈಡ್ರೋಜನ್‌ಗಳಿರುವ ಅನಿಲವನ್ನು ನೀರಿನಿಂದ ತಣಿಸಿ, ಮರಳಿನ ಸೋಸುಕದ ಮೂಲಕ ಹಾಯಿಸಿ ಎಂಜಿನ್‌ಗೆ ಕೊಡುವುದು. ಎಂಜಿನ್ ಡೀಸೆಲ್‌ನಿಂದಲೇ ಶುರುವಾಗುತ್ತದೆ. ಅನಿಲವನ್ನು ಉರಿಸಿ ನೋಡುವ ಬರ್ನರ್‌ನಲ್ಲಿ ಜ್ವಾಲೆ ಸ್ಥಿರವಾಗಿ ನಿಂತ ಮೇಲೆ ಅನಿಲವನ್ನು ಒಳಗೆ ಬಿಟ್ಟರೆ ಡೀಸೆಲ್ ತಾನಾಗಿ ತಗ್ಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋ ಒಣ ಸೌದೆ ಬೇಕು. ಇಲ್ಲಿ ‘ಒಣ’ ಎಂಬ ಮಾತೇ ಮುಖ್ಯ. ಸೌದೆಯಲ್ಲಿ ತೇವ ಉಳಿದರೆ ಒಲೆಯೊಳಗಿನ ಬಿಸಿ ಇಳಿಯುತ್ತದೆ, ಅನಿಲದ ಜೊತೆ ಡಾಂಬರಿನಂಥ ಜಿಗುಟು ಹೆಚ್ಚಾಗಿ ಬಂದು ಎಂಜಿನ್‌ನ ಕವಾಟಗಳನ್ನು ಹಿಡಿಯುತ್ತದೆ.

ಆ ಸೌದೆಯನ್ನು ಒಣಗಿಸಿಕೊಟ್ಟವರು ನಮ್ಮೂರಿನ ಅಕ್ಕಂದಿರು. ನೀಲಗಿರಿ, ಜಾಲಿಯ ಕೊಂಬೆಗಳನ್ನು ಹೆಬ್ಬೆರಳಿನ ಉದ್ದಕ್ಕೆ ತುಂಡರಿಸಿ, ಕಣದಲ್ಲಿ ರಾಗಿ ಹರಡುವಂತೆ ತೆಳುವಾಗಿ ಹರಡಿ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಕೈಯಾಡಿಸಿ, ಮೋಡ ಕಂಡೊಡನೆ ಹೊಲದ ಕೆಲಸ ಬಿಟ್ಟು ಓಡಿಬಂದು ಗೋಣಿಚೀಲಕ್ಕೆ ತುಂಬುತ್ತಿದ್ದರು. ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ, ಬಂದ ಸದ್ದಿನಿಂದಲೇ ತೇವವನ್ನು ಹೇಳಬಲ್ಲವರಾಗಿದ್ದರು. ‘ಇದು ಇನ್ನೂ ಮಂಕಾಗಿದೆ ಕಣಪ್ಪ, ನಾಳೆಗಿರಲಿ’ ಎಂದು ಅವರಲ್ಲೊಬ್ಬರು ಹೇಳಿದ ದಿನ ನಾನು ಆ ಚೀಲವನ್ನು ಮುಟ್ಟುತ್ತಿರಲಿಲ್ಲ. ಸಭೆಯಲ್ಲಿ ನನ್ನನ್ನು ಹೊಗಳಿದವರು ಯಾರೂ ಅವರ ಹೆಸರೆತ್ತಲಿಲ್ಲ. ಅದು ನನ್ನನ್ನು ಈಗಲೂ ಬಾಧಿಸುತ್ತಿದೆ. ಯಂತ್ರದ ಮುಂದೆ ನಿಂತವನು ಕಣ್ಣಿಗೆ ಬೀಳುತ್ತಾನೆ, ಕಣದಲ್ಲಿ ಬಗ್ಗಿದವರು ಬೀಳುವುದಿಲ್ಲ. ಆ ಶಾಲು ಅವರ ಹೆಗಲಿಗೆ ಮೊದಲು ಸೇರಬೇಕಾಗಿತ್ತು.

ಅವರ ಮಾತನ್ನು ಮೀರಿದ್ದು ಒಂದೇ ಸಲ. ಬಿಡದೆ ಹಿಡಿದ ಮಳೆಯಲ್ಲಿ, ಹಬ್ಬದ ಮುನ್ನಾದಿನ ಊರು ಕತ್ತಲಾಗಬಾರದೆಂಬ ಆತುರಕ್ಕೆ ಹಸಿ ಚೀಲವನ್ನೇ ಸುರಿದೆ. ಮೂರನೆಯ ದಿನ ಕವಾಟ ಕಚ್ಚಿಕೊಂಡು ಎಂಜಿನ್ ನಿಂತಿತು. ಬಿಡಿಭಾಗ ಬರುವುದು ತಡವಾಯಿತು, ಒಟ್ಟು 37 ದಿನ ದೀಪವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಹೆಂಗಸರು ಮತ್ತೆ ಬಿಂದಿಗೆ ಹಿಡಿದು ದೂರದ ಬಾವಿಗೆ ನಡೆದರು. ತಪ್ಪು ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಒಬ್ಬರೂ ನನ್ನ ಮನೆಯ ಮುಂದೆ ನಿಂತು ಒಂದು ಕಟುಮಾತು ಆಡಲಿಲ್ಲ. ಆ ತಿಂಗಳ ಶುಲ್ಕ ಕೇಳಲು ನನಗೆ ಮುಖವಿರಲಿಲ್ಲ. ಕೊನೆಯ ಮನೆಯ ಅಜ್ಜಿ ತಾವಾಗಿಯೇ ಬಂದು, ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿಟ್ಟು, ‘ರಿಪೇರಿಗೂ ದುಡ್ಡು ಬೇಕಲ್ಲ’ ಎಂದರು. ಅವರ ಹಿಂದೆಯೇ ಉಳಿದ ಮನೆಗಳವರೂ ಕೊಟ್ಟರು. ಅಜ್ಜಿ ಈಗಿಲ್ಲ. ಅವರು ಬದುಕಿದ್ದಾಗ ನಾನು ಹೇಳದೆ ಹೋದ ಕೃತಜ್ಞತೆಯನ್ನು ಅವರ ಮಕ್ಕಳು, ಮೊಮ್ಮಕ್ಕಳು ದಯವಿಟ್ಟು ಸ್ವೀಕರಿಸಬೇಕು.

ಪೇಟೆಯಿಂದ ಬಸ್ಸಿನಲ್ಲಿ ಬಂದು, ಎಂಜಿನ್ ಬಿಚ್ಚಿ, ಮಸಿ ಕೆರೆದು, ಎರಡು ರಾತ್ರಿ ನಮ್ಮ ಜಗಲಿಯಲ್ಲೇ ಮಲಗಿದ ಡೀಸೆಲ್ ಮೇಸ್ತ್ರಿಯವರನ್ನೂ ಮರೆಯಲಾರೆ. ಮರಳನ್ನು ಯಾವಾಗ ತೊಳೆಯಬೇಕು, ಎಂಜಿನ್‌ನ ದನಿ ಹೇಗೆ ಬದಲಾದರೆ ಅನಿಲ ಬಡವಾಗಿದೆ ಎಂದು ತಿಳಿಯಬೇಕು ಎಂಬುದನ್ನು ಅವರು ನನ್ನ ಕೈಯನ್ನು ಎಂಜಿನ್ ಮೇಲಿಟ್ಟು ಕಲಿಸಿದರು. ಆ ಬಳಿಕ ನಮ್ಮ ಘಟಕ ಅಷ್ಟು ದಿನ ಎಂದೂ ನಿಲ್ಲಲಿಲ್ಲ.

ಮುಂದೆ ಊರಿಗೆ ವಿದ್ಯುತ್ ಲೈನು ಬಂತು, ಡೀಸೆಲ್ ಬೆಲೆ ಏರಿತು, ನಮ್ಮ ಎಂಜಿನ್ ಮೌನವಾಯಿತು. ಅದರ ಬಗ್ಗೆ ನನಗೆ ದುಃಖವಿದೆ, ದೂರಿಲ್ಲ. ನಮ್ಮ ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರ ಹೊತ್ತಿಗೆ 500 ಕಿಲೋವ್ಯಾಟ್ ಸಾಮರ್ಥ್ಯದ ಘಟಕ ಸೌದೆಯ ವಿದ್ಯುತ್ತನ್ನು ಲೈನಿಗೇ ಕೊಡತೊಡಗಿದಾಗ, ಊರಿನ ಗಿಡಮರದಿಂದ ಊರಾಚೆಗೂ ಬೆಳಕು ಹೋಗಬಹುದೆಂದು ನನ್ನ ಮನಸ್ಸು ತುಂಬಿ ಬಂದಿತ್ತು.

ಪ್ರತಿದಿನ ಎಷ್ಟು ಗಂಟೆ ಎಂಜಿನ್ ನಡೆಯಿತು, ಎಷ್ಟು ಕಿಲೋ ಸೌದೆ ಹಾಕಿದೆವು, ಎಷ್ಟು ಡೀಸೆಲ್ ಸುಟ್ಟಿತು ಎಂದು ಬರೆದಿಟ್ಟ ಪುಸ್ತಕಗಳು ನನ್ನ ಟ್ರಂಕಿನಲ್ಲಿವೆ. ಸೌದೆ ತಂದವರ ಹೆಸರೂ ತೂಕವೂ ದಿನದಿನದ ಲೆಕ್ಕದಲ್ಲಿ ಅದರಲ್ಲಿದೆ. ಅವುಗಳನ್ನು ಈ ವಾರ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದೇನೆ. ಅಕ್ಕಂದಿರೇ, ಬಿಡುವಾದಾಗ ಬನ್ನಿ. ಓದು ಬಾರದವರಿಗೆ ನಾನೇ ಪಕ್ಕದಲ್ಲಿ ಕುಳಿತು ನಿಮ್ಮ ನಿಮ್ಮ ಹೆಸರಿರುವ ಪುಟಗಳನ್ನು ಓದಿ ಹೇಳುತ್ತೇನೆ.