ಗರಿ ಕೊಟ್ಟ ಕೈಗಳು

ಚಿ|| ಮೇಘನಾಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿಮ್ಮಪ್ಪ ಹೇಳಿರುತ್ತಾನೆ. ನಿನ್ನ ಪ್ರಬಂಧದ ಪೀಠಿಕೆಯದೆಂದು ಕಾಗದದ ಕೊನೆಗೆ ಬರೆದ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ: "ಬಿಳಿಗರಿ ಹಂಚಿದವರಲ್ಲಿ ನನ್ನ ವಯಸ್ಸಿನವರೂ ಇದ್ದರು. ನಾನು ಅಲ್ಲಿದ್ದಿದ್ದರೆ ಹಂಚುತ್ತಿದ್ದೆನೇನೋ." ಛೆ, ನೀನು ಅಂಥವಳಲ್ಲ ಎಂದು ಬರೆದುಬಿಡಬಹುದು. ಆದರೆ ಕೈ ಓಡಲಿಲ್ಲ.

ಮೊದಲ ಮಹಾಯುದ್ಧ ಶುರುವಾದ ಹೊಸದರಲ್ಲಿ, 1914ರ ಆಗಸ್ಟ್ 30ರಂದು ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ನಡೆದದ್ದನ್ನೇ ನೋಡು. ನೌಕಾಪಡೆಯ ನಿವೃತ್ತ ಅಡ್ಮಿರಲ್ ಪೆನ್‌ರೋಸ್ ಫಿಟ್ಜ್‌ಜೆರಾಲ್ಡ್ 30 ಹೆಂಗಸರನ್ನು ಸೇರಿಸಿ, ಸಮವಸ್ತ್ರ ತೊಡದ ಗಂಡಸರಿಗೆ ಗರಿ ಕೊಡಿಸಿದ. ಬಾಲದಲ್ಲಿ ಬಿಳಿಗರಿಯಿದ್ದ ಹುಂಜ ಕೋಳಿ ಅಂಕದಲ್ಲಿ ನಿಲ್ಲದು ಎಂಬುದು ಅಲ್ಲಿನ ಹಳೆಯ ನಂಬಿಕೆ, ಹಾಗಾಗಿ ಗರಿ ಎಂದರೆ ಹೇಡಿ ಎಂದು ಅರ್ಥ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಯೋಚನೆ ಬೇರೆಯವರದು, ಜೊತೆಗೆ ಗುಂಪಿದೆ, ಗರಿ ಕೈಯಲ್ಲಿದೆ. ಇದಕ್ಕೆ ಕ್ರೂರ ಮನಸ್ಸೇ ಬೇಕಿರಲಿಲ್ಲ ಕಣಮ್ಮ. ಅಣ್ಣನನ್ನೋ ಗಂಡನನ್ನೋ ಯುದ್ಧಕ್ಕೆ ಕಳಿಸಿದವಳಿಗೆ ಇದು ನ್ಯಾಯವೆಂದೇ ತೋರಿರಬೇಕು. ಆಗ ಬ್ರಿಟನ್ನಿನಲ್ಲಿ ಕಡ್ಡಾಯ ಸೇನಾಸೇವೆ ಇರಲಿಲ್ಲ. ಕಾನೂನು ಮಾಡದ ಕೆಲಸವನ್ನು ಮರ್ಯಾದೆಯ ಭಯದಿಂದ ಮಾಡಿಸಿದರು.

ಕೊಡುವವಳಿಗೆ ಕಾಣುತ್ತಿದ್ದದ್ದು ಬಟ್ಟೆ ಮಾತ್ರ. ಟ್ರಾಮಿನಲ್ಲಿ ಎಲ್ಲರ ಎದುರು ಕೋಟಿನ ಗುಂಡಿಯ ತೂತಿಗೆ ಗರಿ ಸಿಕ್ಕಿಸಿ ಇಳಿದುಹೋದರೆ ಮುಗಿಯಿತು, ಪ್ರಶ್ನೆ ಕೇಳುವ ಮಾತೇ ಇಲ್ಲ. ಆ ಕೋಟಿನೊಳಗೆ ರಜೆಯ ಮೇಲೆ ಬಂದ ಸೈನಿಕನಿರಬಹುದು, ಮದ್ದುಗುಂಡು ಕಾರ್ಖಾನೆಯವನಿರಬಹುದು, ದೃಷ್ಟಿ ಸಾಲದೆಂದು ಭರ್ತಿಯವರೇ ವಾಪಸು ಕಳಿಸಿದವನಿರಬಹುದು. ಟರ್ಕಿಯ ಗಲಿಪೊಲಿಯಲ್ಲಿ ಹೋರಾಡಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಜಾರ್ಜ್ ಸ್ಯಾಮ್ಸನ್ ಸಾದಾ ಬಟ್ಟೆಯಲ್ಲಿ ತನ್ನ ಸನ್ಮಾನಕ್ಕೆ ಹೊರಟಿದ್ದಾಗ ಅವನಿಗೂ ಗರಿ ಸಿಕ್ಕಿತು.

ಸರಕಾರ ಹುಡುಕಿದ ಪರಿಹಾರ ಇನ್ನೂ ವಿಚಿತ್ರ. ಕಾರ್ಖಾನೆಯವರಿಗೆ ಬಿಲ್ಲೆ ಕೊಟ್ಟರು. 1915ರ ಕೊನೆಗೆ, ಕರೆದಾಗ ಬರುತ್ತೇನೆಂದು ಹೆಸರು ಬರೆಸಿದವರಿಗೆ ಕೆಂಪು ಕಿರೀಟದ ಗುರುತಿದ್ದ ಖಾಕಿ ತೋಳುಪಟ್ಟಿ ಬಂತು. ಗಾಯಗೊಂಡೋ ಕಾಯಿಲೆಯಿಂದಲೋ ಬಿಡುಗಡೆಯಾದವರಿಗೆ 1916ರ ಸೆಪ್ಟೆಂಬರಿನಿಂದ ಬೆಳ್ಳಿ ಬಿಲ್ಲೆ, ಬಲ ಎದೆಗೆ. ಅವಮಾನ ಮಾಡಬೇಡಿ ಎಂದು ಗಟ್ಟಿಯಾಗಿ ಹೇಳುವ ಬದಲು, ಯಾರಿಗೆ ಮಾಡಬಾರದು ಎಂದು ಗುರುತು ಹಚ್ಚಿದ ಹಾಗಾಯಿತು. ಒಂದೊಂದು ಬಿಲ್ಲೆ ಬಂದಾಗಲೂ ಬಿಲ್ಲೆಯಿಲ್ಲದವನು ಮತ್ತಷ್ಟು ಬೆತ್ತಲಾದ. ಇದನ್ನು ನಿನ್ನ ಪ್ರಬಂಧದಲ್ಲಿ ಖಂಡಿತ ಸೇರಿಸು ಎನ್ನುವ ಆಸೆ ನನಗೆ, ನಿನ್ನ ಮೇಷ್ಟ್ರು ಒಪ್ಪಿದರೆ.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ. 1964ರಲ್ಲಿ ಬಿಬಿಸಿ ಆ ಯುದ್ಧದ ನೆನಪುಗಳನ್ನು ಬರೆದು ಕಳಿಸಿ ಎಂದು ಕೇಳಿದಾಗ, ಗರಿ ಪಡೆದವರು ಐವತ್ತು ವರ್ಷಗಳಾದರೂ ಅದನ್ನು ಮರೆಯದೆ ಬರೆದರು. ಕೊಟ್ಟೆ ಎಂದು ಬರೆದ ಹೆಂಗಸರು ತೀರ ವಿರಳ. ಅವರ ಆ ಮೌನವನ್ನು ನೋಡಿದರೆ ನಿನ್ನ ಪ್ರಶ್ನೆ ಎಷ್ಟು ಬೇಕಾದದ್ದು ಅನ್ನಿಸುತ್ತದೆ. ನಾವು ಕಾಲೇಜಿನಲ್ಲಿ ಈ ಯುದ್ಧದ ಪಾಠ ಮಾಡುವಾಗ ಕಾರಣ, ಪರಿಣಾಮ, ಒಪ್ಪಂದ, ಅಷ್ಟರಲ್ಲೇ ವರ್ಷ ಮುಗಿಯುತ್ತಿತ್ತು. ಇಂಥ ಪ್ರಶ್ನೆ ತರಗತಿಯಲ್ಲಿ ಏಳಲಿಲ್ಲವಲ್ಲ ಎಂಬ ಕೊರಗು ಈಗಲೂ ಇದೆ.

ಹೇಡಿ ಎಂಬ ಪದವನ್ನು ಬಳಸುವಾಗ ಸ್ವಲ್ಪ ಜೋಪಾನ. ಯುದ್ಧವೇ ತಪ್ಪೆಂದು, ಹೋರಾಡಲು ಒಪ್ಪದೆ ನಿಂತವರು ಬ್ರಿಟನ್ನಿನಲ್ಲಿ ಸುಮಾರು 16,000 ಮಂದಿ. ಅವರಲ್ಲಿ 35 ಜನರಿಗೆ 1916ರಲ್ಲಿ ಫ್ರಾನ್ಸಿನಲ್ಲಿ ಮರಣದಂಡನೆ ಓದಿಹೇಳಿ, ಆಮೇಲೆ ಅದನ್ನು 10 ವರ್ಷದ ಕಠಿಣ ಸಜೆಗೆ ಇಳಿಸಿದರು. ಆಗಲೂ ಅವರು ಮನಸ್ಸು ಬದಲಿಸಲಿಲ್ಲ.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಹೇಳುತ್ತೇನೆ: ಪ್ರತಿ ಗರಿಯ ಕತೆಗೂ ತಾರೀಕು ಹಾಕಿಕೊ. 1916ರ ಮಾರ್ಚ್‌ನಲ್ಲಿ ಕಡ್ಡಾಯ ಸೇವೆ ಜಾರಿಗೆ ಬಂದ ಮೇಲೆ ಕೊಟ್ಟ ಗರಿ ಬೇರೆ, ಅದಕ್ಕೆ ಮೊದಲಿನದು ಬೇರೆ. ಕೊಟ್ಟವಳ ಮನೆಯಿಂದ ಯಾರು ಯುದ್ಧಕ್ಕೆ ಹೋಗಿದ್ದರು ಎಂಬುದೂ ಸಿಕ್ಕರೆ ಬರೆದುಕೊ. ಆ ಕೊನೆಯ ಸಾಲನ್ನು ಪೀಠಿಕೆಯಿಂದ ತೆಗೆದುಬಿಡಲೇ ಎಂದು ಕೇಳಿದ್ದೀಯ. ತೆಗೆಯಬೇಡ ಮಗೂ.

ಇಂತಿ,
ನಿನ್ನ ದೊಡ್ಡಪ್ಪ