ಮೊದಲು ಪಿನಿಯನ್ ಬದಲಿಸಿ, ಮೋಟಾರ್ ಆಮೇಲೆ

ಮಾನ್ಯ ಸಂಪಾದಕರೇ,

ರಿಮೋಟ್ ರೇಸಿಂಗ್ ಕಾರುಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಈ ಹವ್ಯಾಸದ ಬಗ್ಗೆ ಕನ್ನಡದಲ್ಲೂ ಬರೆದರಲ್ಲ ಅಂತ ಖುಷಿಯಾಯಿತು. ಆದರೆ ಕೆವಿ ಎಂಬ ಸಂಖ್ಯೆ ಜಾಸ್ತಿ ಇರುವ ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ) ಮೋಟಾರ್ ಹಾಕಿದರೆ ಕಾರು ಜಾಸ್ತಿ ಓಡುತ್ತದೆ ಎಂದು ಹೇಳಿ ಅಲ್ಲಿಗೇ ಬಿಟ್ಟಿದ್ದಾರೆ. ಇದನ್ನೇ ನಂಬಿ ಮೋಟಾರ್ ಸುಟ್ಟುಕೊಂಡ ಹುಡುಗರು ನನ್ನ ಹತ್ತಿರ ಬರುತ್ತಾರೆ. ನನ್ನದು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ. ಬೆರಳುದ್ದದ ಮೋಟಾರಿಗೆ ಕಾಯಿಲ್ ಸುತ್ತುವ ತಾಳ್ಮೆ ನನಗಿಲ್ಲ. ಯಾಕೆ ಸುಟ್ಟಿತು ಅಂತ ಮಾತ್ರ ಹೇಳಿ ಕಳಿಸುತ್ತೇನೆ.

ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ಮೋಟಾರ್ ಎಷ್ಟು ಆರ್‌ಪಿಎಂ ತಿರುಗುತ್ತದೆ ಎನ್ನುವುದೇ ಕೆವಿ. ಅದು ಮೋಟಾರಿನ ಶಕ್ತಿಯ ಲೆಕ್ಕ ಅಲ್ಲ. ಕಾಯಿಲಿನಲ್ಲಿ ಸುತ್ತು ಕಡಿಮೆ ಮಾಡಿದರೆ ಕೆವಿ ಏರುತ್ತದೆ, ಒಂದು ಆಂಪಿಯರಿಗೆ ಸಿಗುವ ಟಾರ್ಕ್ ಇಳಿಯುತ್ತದೆ. ರೇಸಿನವರು 21.5, 17.5, 13.5 ಟರ್ನ್ ಎನ್ನುವುದು ಈ ಸುತ್ತುಗಳನ್ನೇ. 17.5 ಟರ್ನ್ ಮೋಟಾರ್ ಸುಮಾರು 2200 ಕೆವಿ, 13.5 ಟರ್ನ್ ಸುಮಾರು 3000 ಕೆವಿ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೆ ಈಚೆ ಇರುತ್ತದೆ.

ಈಗ ಗೇರಿಗೆ ಬನ್ನಿ. ಹೊಸಬರು ಜಾಸ್ತಿ ಕೊಳ್ಳುವ ಟಮಿಯಾ ಕಂಪನಿಯ ಟಿಟಿ-02 ಕಿಟ್ ಕಾರನ್ನೇ ತೆಗೆದುಕೊಳ್ಳೋಣ. ಅದರಲ್ಲಿ ದೊಡ್ಡ ಸ್ಪರ್ ಗೇರಿಗೆ 70 ಹಲ್ಲು, ಮೋಟಾರ್ ಮೇಲಿನ ಚಿಕ್ಕ ಗೇರಿಗೆ, ಅಂದರೆ ಪಿನಿಯನ್ನಿಗೆ, 22 ಹಲ್ಲು. ಒಳಗಿನ ಗೇರುಗಳ ಅನುಪಾತ 2.6. ಎಪ್ಪತ್ತನ್ನು ಇಪ್ಪತ್ತೆರಡರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಅಂದರೆ ಮೋಟಾರ್ 8.27 ಸಲ ತಿರುಗಿದರೆ ಚಕ್ರ ಒಂದು ಸಲ. ಚಕ್ರದ ಸುತ್ತಳತೆ ಸುಮಾರು 20 ಸೆಂಟಿಮೀಟರ್. 2200 ಕೆವಿ ಮೋಟಾರಿಗೆ 7.4 ವೋಲ್ಟ್ ಬ್ಯಾಟರಿ ಕೊಟ್ಟರೆ ಕಾಗದದ ಮೇಲೆ ಗಂಟೆಗೆ 23-24 ಕಿಲೋಮೀಟರ್ ಬರುತ್ತದೆ. ಮೋಟಾರ್ ಮುಟ್ಟದೆ ಪಿನಿಯನ್ ಮಾತ್ರ 25 ಹಲ್ಲಿಗೆ ಏರಿಸಿ, ಅದೇ 27ರ ಹತ್ತಿರ ಹೋಗುತ್ತದೆ. ಪಿನಿಯನ್ ಬೆಲೆಗೂ ಹೊಸ ಮೋಟಾರ್ ಬೆಲೆಗೂ ಹೋಲಿಕೆಯೇ ಇಲ್ಲ. ಇನ್ನೊಂದು ಮಾತು, ಆ ಕಿಟ್ಟಿನಲ್ಲಿ ಬರುವ ಪ್ಲಾಸ್ಟಿಕ್ ಬುಷ್ ತೆಗೆದು ಬಾಲ್ ಬೇರಿಂಗ್ ಹಾಕಿಸಿ. ಮೋಟಾರಿಗಿಂತ ಮೊದಲು ಆಗಬೇಕಾದ ಕೆಲಸ ಅದು.

ಹಾಗಂತ ಪಿನಿಯನ್ ಸುಮ್ನೆ ಏರಿಸುತ್ತಾ ಹೋಗುವ ಹಾಗೂ ಇಲ್ಲ. ಹಲ್ಲು ಜಾಸ್ತಿಯಾದಷ್ಟೂ ಮೋಟಾರ್ ತಿಣುಕುತ್ತದೆ, ಅದರ ವೇಗಕ್ಕೆ ಅದು ಮುಟ್ಟುವುದೇ ಇಲ್ಲ, ಕರೆಂಟ್ ಎಳೆಯುತ್ತಲೇ ಇರುತ್ತದೆ. ಕರೆಂಟ್ ಎರಡರಷ್ಟಾದರೆ ಕಾಯಿಲಿನ ಶಾಖ ನಾಲ್ಕರಷ್ಟು. ವೋಲ್ಟೇಜ್ ಕಡಿಮೆ ಇರುವ ಹೊತ್ತಲ್ಲಿ ಬೋರ್‌ವೆಲ್ ಪಂಪ್ ಓಡಿಸಿ ಸುಟ್ಟುಕೊಂಡು ಬರುವ ರೈತರಿಗೂ ನಾನು ಹೇಳುವುದು ಇದನ್ನೇ. ಇಲ್ಲಿ ಇನ್ನೊಂದು ಅಪಾಯ ಇದೆ. ಈ ಪುಟ್ಟ ಮೋಟಾರಿನ ರೋಟರ್ ನಿಯೋಡಿಮಿಯಂ ಅಯಸ್ಕಾಂತ. ಸಾಧಾರಣ ದರ್ಜೆಯದು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ತಣ್ಣಗಾದರೂ ಪೂರ್ತಿ ವಾಪಸ್ ಬರುವುದಿಲ್ಲ.

ಆದ್ದರಿಂದ ಕಾರಿನ ಜೊತೆ ಬಂದ ಪುಸ್ತಕದಲ್ಲಿರುವ ಅನುಪಾತದಿಂದಲೇ ಶುರುಮಾಡಿ. ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮೋಟಾರಿನ ಮೈಶಾಖ ನೋಡಿ. 70 ಡಿಗ್ರಿಯ ಒಳಗಿದ್ದರೆ ಒಂದು ಹಲ್ಲು ಏರಿಸಿ. ಒಂದೇ ಹಲ್ಲು. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗುವುದಿಲ್ಲ, ಅದು ಜ್ವರದ ಮಟ್ಟಕ್ಕೇ ನಿಲ್ಲುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಇನ್‌ಫ್ರಾರೆಡ್ ಗನ್ ತನ್ನಿ. ತಿರುವು ಜಾಸ್ತಿ ಇರುವ ಚಿಕ್ಕ ಟ್ರ್ಯಾಕ್ ಆದರೆ ಚಿಕ್ಕ ಪಿನಿಯನ್ನೇ ವಾಸಿ. ಪಿನಿಯನ್ ಕೊಳ್ಳುವಾಗ ಹಲ್ಲಿನ ಗಾತ್ರದ ಅಳತೆ (ಮಾಡ್ಯೂಲ್) ನೋಡಿ, 0.6 ಮಾಡ್ಯೂಲಿಗೆ 0.6 ಮಾಡ್ಯೂಲೇ ಇರಲಿ. 48 ಪಿಚ್ ಎಂಬ ಬೇರೆ ಅಳತೆಯದು ನೋಡಲು ಹಾಗೇ ಕಾಣುತ್ತದೆ, ಆದರೆ ಹಾಕಿದರೆ ಸ್ಪರ್ ಗೇರಿನ ಹಲ್ಲು ತಿಂದುಹಾಕುತ್ತದೆ.

ಹೊಸ ಮೋಟಾರ್ ಬೇಕೇ ಬೇಕು ಅಂದರೆ ರೋಟರ್ ಎಲ್ಲಿದೆ ಅಂತ ತಿಳಿಸುವ ಸೆನ್ಸರ್ ಇರುವುದನ್ನು, ಅದಕ್ಕೆ ಹೊಂದುವ ಇಎಸ್‌ಸಿ (ಮೋಟಾರಿನ ವೇಗ ಹತೋಟಿ ಮಾಡುವ ಸರ್ಕ್ಯೂಟ್) ಜೊತೆ ಕೊಳ್ಳಿ. ಸೆನ್ಸರ್ ಇಲ್ಲದ್ದು ನಿಧಾನ ವೇಗದಲ್ಲಿ ಗಕ್ಕು ಗಕ್ಕು ಅನ್ನುತ್ತದೆ.

ಬ್ಯಾಟರಿ ವಿಷಯದಲ್ಲಂತೂ ಮಾರುವವರು ಕೂಗುವುದಕ್ಕೆ ಮಿತಿಯೇ ಇಲ್ಲ. 5000 ಎಂಎಎಚ್ ಪ್ಯಾಕಿನ ಮೇಲೆ 100ಸಿ ಅಂತ ಅಚ್ಚು ಹಾಕಿರುತ್ತಾರೆ. ಸಿ ಅಂದರೆ ಪ್ಯಾಕಿನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಎಂಬ ಲೆಕ್ಕ. ಇಲ್ಲಿ 5ರ ನೂರು ಪಟ್ಟು, 500 ಆಂಪಿಯರ್. ಅದಕ್ಕೆ ಹಚ್ಚಿದ ಎಕ್ಸ್‌ಟಿ60 ಕನೆಕ್ಟರ್ ತಾಳುವುದು ಹೆಚ್ಚೆಂದರೆ 60 ಆಂಪಿಯರಿನ ಹತ್ತಿರ! ವೈರ್ ನೋಡಿದರೇ ಗೊತ್ತಾಗುತ್ತದೆ ಅಲ್ವಾ? ಆ ಸಂಖ್ಯೆ ಬಿಡಿ, ಒಳ್ಳೆ ಚಾರ್ಜರಿನಲ್ಲಿ ಇಂಟರ್ನಲ್ ರೆಸಿಸ್ಟೆನ್ಸ್, ಅಂದರೆ ಬ್ಯಾಟರಿಯ ಒಳಗಿನ ತಡೆ, ನೋಡಿ. ಒಂದೊಂದು ಸೆಲ್‌ಗೆ 3 ಮಿಲಿಓಮ್ ಇದ್ದರೆ, 60 ಆಂಪಿಯರ್ ಎಳೆದಾಗ ಎರಡು ಸೆಲ್ ಸೇರಿ ಅರ್ಧ ವೋಲ್ಟೂ ಬೀಳುವುದಿಲ್ಲ. 10 ಮಿಲಿಓಮ್ ಆದರೆ 1.2 ವೋಲ್ಟ್ ಹೋಯಿತು. ಹೊಸ ಮೋಟಾರ್ ಹಾಕಿದರೂ ಕಾರು ಎಳೆಯುತ್ತಿಲ್ಲ ಎಂಬ ದೂರಿನ ಹಿಂದೆ ಹಳೇ ಬ್ಯಾಟರಿ ಇರುವುದುಂಟು.

ಈ ಬ್ಯಾಟರಿಯ ಲಿಪೋ (ಲಿಥಿಯಂ ಪಾಲಿಮರ್) ಸೆಲ್ 4.2 ವೋಲ್ಟ್ ದಾಟಬಾರದು, 3 ವೋಲ್ಟಿಗಿಂತ ಇಳಿಯಬಾರದು. ಎತ್ತಿಡುವಾಗ 3.8 ಇರಲಿ. 5000 ಎಂಎಎಚ್ ಪ್ಯಾಕಿಗೆ 5 ಆಂಪಿಯರ್ ಚಾರ್ಜ್ ಸಾಕು, ಅದೂ ಸೆಲ್‌ಗಳನ್ನು ಸಮ ಮಾಡುವ ಬ್ಯಾಲೆನ್ಸ್ ವೈರ್ ಸಿಕ್ಕಿಸಿ, ಮನೆಯಲ್ಲಿ ಎಲ್ಲರೂ ಎಚ್ಚರ ಇರುವಾಗ. ಊದಿಕೊಂಡ ಪ್ಯಾಕ್ ಮತ್ತೆ ಬಳಸಬೇಡಿ, ಕಸದ ಗಾಡಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಕಾಲೇಜು ಟೆಕ್ ಫೆಸ್ಟ್‌ಗಳಲ್ಲಿ ರೇಸ್ ಇಡುವವರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು. ಮೋಟಾರಿಗೆ ಮಿತಿಯೇ ಹಾಕದಿದ್ದರೆ ಗೆಲ್ಲುವುದು ಅಪ್ಪನ ಜೇಬು. ಹೊರದೇಶದ ಕ್ಲಬ್ಬುಗಳಲ್ಲಿ 17.5 ಟರ್ನ್, ಎರಡು ಸೆಲ್ ಬ್ಯಾಟರಿ, ಇಎಸ್‌ಸಿ ಟೈಮಿಂಗ್ ಸೊನ್ನೆ (ಇಎಸ್‌ಸಿ ಕಡೆಯಿಂದ ಹೆಚ್ಚುವರಿ ವೇಗ ಇಲ್ಲ) ಎಂಬ ಸ್ಟಾಕ್ ವರ್ಗ ಇದೆ. ಅಲ್ಲಿ ಸ್ಪರ್ಧೆ ನಡೆಯುವುದು ಗೇರಿಂಗ್ ಮತ್ತು ಓಡಿಸುವ ಕೈಯ ಮೇಲೆ. ಇಲ್ಲೂ ಹಾಗೆ ಮಾಡಿ. ಬ್ಯಾಟರಿ ಹಾರ್ಡ್ ಕೇಸ್‌ನದ್ದೇ ಇರಬೇಕು ಅಂತ ಬರೆಯಿರಿ, ಚಾರ್ಜಿಂಗ್ ಟೇಬಲ್ ಪಕ್ಕ ಒಣ ಮರಳಿನ ಬಕೆಟ್ ಇಡಿಸಿ.

ಇತಿ,
ಒಬ್ಬ ಮೋಟಾರ್ ರಿವೈಂಡಿಂಗ್ ಅಂಗಡಿಯವನು,
ತುಮಕೂರು